ಪಿಕ್ಕಾಸು ಎಂದಾಗ ಬೆವರುವ ಅಂಗೈ

ಕೇಳುಗರಿಗೆ ನಮಸ್ಕಾರ.

ನಮ್ಮ ಕಾಸರಗೋಡಿನಲ್ಲಿ ಕಳವಿನ ತಕರಾರು ಮಾತಿನಲ್ಲಿ ಮುಗಿಯದಿದ್ದರೆ ‘ಹಾಗಾದರೆ ಕಾನತ್ತೂರಿಗೆ ಬಾ’ ಎನ್ನುವುದುಂಟು. ಅಲ್ಲಿನ ದೈವಸ್ಥಾನದಲ್ಲಿ ದೈವದ ಎದುರು ಸುಳ್ಳಾಡಲು ಯಾರಿಗೂ ಧೈರ್ಯ ಸಾಲದು. ಸುಳ್ಳುಪತ್ತೆ ಯಂತ್ರ ನೆಚ್ಚಿಕೊಂಡಿರುವುದೂ ಈ ಹೆದರಿಕೆಯನ್ನೇ. ಆದರೆ ಠಾಣೆಯಲ್ಲಿ ಕೂತರೆ ಏನೂ ಮಾಡದವನ ಎದೆಯೂ ಢವಢವ ಅನ್ನುತ್ತದಲ್ಲ!

ಅಮೆರಿಕದ ಮನೋವಿಜ್ಞಾನಿ ಡೇವಿಡ್ ಲಿಕ್ಕೆನ್ 1959ರಲ್ಲಿ ಬೇರೆ ದಾರಿ ತೋರಿಸಿದರು. ‘ನೀನು ಕದ್ದೆಯಾ’ ಎಂದು ಕೇಳುವುದೇ ಬೇಡ. ಬದಿಯಡ್ಕದ ಹತ್ತಿರ ಅಡಿಕೆ ಕೋಣೆಯ ಬೀಗವನ್ನು ಪಿಕ್ಕಾಸಿನಿಂದ ಒಡೆದಿದ್ದಾರೆ ಎಂದಿಟ್ಟುಕೊಳ್ಳಿ. ಕತ್ತಿ, ಕೊಡಲಿ, ಪಿಕ್ಕಾಸು, ಸುತ್ತಿಗೆ, ಗರಗಸ ಎಂದು ಒಂದೊಂದೇ ಹೆಸರು ಹೇಳುತ್ತಾರೆ. ವಿಷಯ ತಿಳಿಯದವನಿಗೆ ಐದೂ ಒಂದೇ. ತಿಳಿದವನ ಅಂಗೈ ಪಿಕ್ಕಾಸಿಗೆ ತುಸು ಬೆವರುತ್ತದೆ, ಉಸಿರು ಸಣ್ಣದಾಗುತ್ತದೆ, ಎದೆಬಡಿತ ಏರುವ ಬದಲು ಕೊಂಚ ನಿಧಾನವಾಗುತ್ತದೆ. ತಲೆಗೆ ಇಇಜಿ, ಅಂದರೆ ಮೆದುಳಿನ ವಿದ್ಯುತ್ ಅಲೆ ಅಳೆಯುವ ತಂತಿ ಅಂಟಿಸಿದ್ದರೆ ಹೆಸರು ಕೇಳಿದ ಸುಮಾರು 300 ಮಿಲಿಸೆಕೆಂಡಿಗೆ ಪಿ300 ಎಂಬ ಅಲೆ ಏಳುತ್ತದೆ. ಹೀಗೆ ಐದು ಹೆಸರಿನ ಒಂದು ಪ್ರಶ್ನೆಯಲ್ಲಿ ಅಮಾಯಕ ಅಕಸ್ಮಾತ್ ಸಿಕ್ಕಿಬೀಳುವ ಸಂಭವ ಐದರಲ್ಲೊಂದು. ಅಂಥ ಆರು ಪ್ರಶ್ನೆಗಳಲ್ಲೂ ಸಿಕ್ಕಿಬೀಳುವುದು 15,625ರಲ್ಲಿ ಒಂದು. ಜಪಾನಿನ ಪೊಲೀಸರು ಈ ಬಗೆಯ ಪರೀಕ್ಷೆಯನ್ನು ವರ್ಷಕ್ಕೆ ಸಾವಿರಾರು ಸಲ ಮಾಡುತ್ತಾರೆ.

ನಮ್ಮೂರಲ್ಲಿ ಈ ಲೆಕ್ಕ ನಿಲ್ಲುತ್ತದೆಯೇ? ನನಗೆ ಅನುಮಾನ. ಬೆಳಗಾಗುವಷ್ಟರಲ್ಲಿ ಒಡೆದ ಬೀಗದ ಫೋಟೊ ವಾಟ್ಸ್‌ಆ್ಯಪಿನಲ್ಲಿ ಬಂದಿರುತ್ತದೆ. ಚಾ ಕುಡಿಯಲು ಹೋಟೆಲಿಗೆ ಹೋದವರಿಗೆಲ್ಲ ಪಿಕ್ಕಾಸಿನ ಸುದ್ದಿ ಗೊತ್ತು. ಆಮೇಲೆ ಯಾರನ್ನು ಕೂರಿಸಿದರೂ ಅಲೆ ಏಳುತ್ತದೆ, ಯಾಕೆಂದರೆ ಯಂತ್ರಕ್ಕೆ ಸಿಗುವುದು ನೆನಪು ಮಾತ್ರ. ಅದು ಕದ್ದು ಬಂದದ್ದೋ ಕೇಳಿ ಬಂದದ್ದೋ ಅದಕ್ಕೆ ತಿಳಿಯದು. ಇನ್ನು ಚಾಲಾಕಿ ಕಳ್ಳ ‘ಕತ್ತಿ’ ಎಂದಾಗಲೂ ಕಾಲ್ಬೆರಳು ಒತ್ತಿಕೊಂಡು ಸುಳ್ಳು ಅಲೆ ಎಬ್ಬಿಸಬಲ್ಲ.

ನಮ್ಮ ದೇಶದಲ್ಲಿ ಇಂಥದೇ ನೆನಪನ್ನು ಮೆದುಳಿನ ಅಲೆಗಳಲ್ಲಿ ಹುಡುಕುವ ‘ಬಿಯೋಸ್’ ಎಂಬ ಪರೀಕ್ಷೆಯನ್ನು ರೂಪಿಸಿದವರು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದ ಸಿ.ಆರ್. ಮುಕುಂದನ್. 2008ರಲ್ಲಿ ಪುಣೆಯ ನ್ಯಾಯಾಲಯವೊಂದು ಕೊಲೆ ಪ್ರಕರಣದಲ್ಲಿ ಅದನ್ನೂ ನಂಬಿ ಶಿಕ್ಷೆ ಕೊಟ್ಟಿತು. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು: ಒಪ್ಪಿಗೆಯಿಲ್ಲದೆ ಯಾರ ಮೇಲೂ ಮಂಪರು ಪರೀಕ್ಷೆ, ಸುಳ್ಳುಪತ್ತೆ, ಮೆದುಳಿನ ಪರೀಕ್ಷೆ ನಡೆಸುವಂತಿಲ್ಲ. ಒಪ್ಪಿದವರ ಫಲಿತಾಂಶವೂ ಸಾಕ್ಷ್ಯವಾಗದು. ಅದರಿಂದ ಆಮೇಲೆ ವಸ್ತುವೇನಾದರೂ ಸಿಕ್ಕಿದರೆ ಅದನ್ನು ಪರಿಗಣಿಸಬಹುದು. ಒಪ್ಪಿಗೆಯನ್ನು ಮ್ಯಾಜಿಸ್ಟ್ರೇಟರ ಎದುರು ದಾಖಲಿಸಬೇಕು, ವಕೀಲರ ನೆರವು ಸಿಗಬೇಕು. ಠಾಣೆಯ ಬೆಂಚಿನ ಮೇಲೆ ಹಾಕಿಸಿಕೊಂಡ ಸಹಿ ಇದಕ್ಕೆ ಸಾಲದು.

ನಮಸ್ಕಾರ.