ಅಂಗಡಿ ಯಾರು ನೋಡ್ಕೋಬೇಕು?

ಕೇಳುಗರಿಗೆ ನಮಸ್ಕಾರ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನಲ್ಲಿ ಸೈನ್ಯಕ್ಕೆ ಬರಲ್ಲ ಅಂತ ಅರ್ಜಿ ಹಾಕಿದವರು ಯಾರು? ಈ ಪ್ರಶ್ನೆ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: ಶಾಂತಿವಾದಿಗಳು, ಇಲ್ಲಾ ಪುಕ್ಕಲರು. ಕೇಳಿ ಕೇಳಿ ಸಾಕಾಗಿದೆ ನನಗೆ. ಅಂಗಡಿಯವರು ಸ್ವಾಮಿ, ಅಂಗಡಿಯವರು! ಬೇಕರಿಯವರು, ಕ್ಷೌರಿಕರು, ಬೂಟು ರಿಪೇರಿಯವರು, ಚಿಮಣಿ ಗುಡಿಸೋರು. ಅವರು ಕೇಳಿದ್ದು ಇಷ್ಟೇ: ನಾನು ಹೋದರೆ ಅಂಗಡಿ ಯಾರು ನೋಡ್ಕೋಬೇಕು?

1916ರ ಜನವರಿಯಲ್ಲಿ ಕಡ್ಡಾಯ ಸೈನ್ಯ ಸೇವೆಯ ಕಾನೂನು ಬಂತು. ಮೊದಲು ಮದುವೆಯಾಗದ ಗಂಡಸರಿಗೆ, ಮೇ ತಿಂಗಳಲ್ಲಿ ಮದುವೆಯಾದವರಿಗೂ. ವಿನಾಯಿತಿ ಬೇಕಾದರೆ ಊರಿನ ಟ್ರಿಬ್ಯುನಲ್ ಮುಂದೆ ನಿಲ್ಲಬೇಕು. ಅಲ್ಲಿ ಕೂತವರು ಯಾರು? ಊರಿನ ಕೌನ್ಸಿಲರುಗಳು, ವ್ಯಾಪಾರಸ್ಥರು. ಜೊತೆಗೆ ಅಡ್ಡಪ್ರಶ್ನೆ ಹಾಕೋಕೆ ಸೈನ್ಯದ ಪ್ರತಿನಿಧಿ. ಸಾಲ, ಬಾಡಿಗೆ, ಮನೆಯ ಕಷ್ಟ ಎಲ್ಲ ಅವರೆದುರು ಬಿಚ್ಚಿಡಬೇಕು. ಎಷ್ಟೋ ಸಲ ಅದು ಊರ ಪತ್ರಿಕೆಯಲ್ಲೂ ಬರುತ್ತಿತ್ತು. ಪಕ್ಕದ ಅಂಗಡಿಯವನಿಗೆ ನಿಮ್ಮ ಲೆಕ್ಕದ ಪುಸ್ತಕ ತೋರಿಸಿದ ಹಾಗೆ, ಅಲ್ವಾ?

ಒಂದು ಕಡತದ ವಿಷಯ ಹೇಳಲೇಬೇಕು. ಲಂಡನ್ ಪಕ್ಕದ ಮಿಡ್ಲ್‌ಸೆಕ್ಸ್‌ನದು. ಒಬ್ಬ ಮಾಂಸದಂಗಡಿಯವನು ವಿನಾಯಿತಿ ಕೇಳಿದ. ಅವನ ಕಡತದೊಳಗೆ ಒಂದು ಕಾಗದ ಇದೆ. ಹೆಸರಿಲ್ಲ, ಸಹಿ ಇಲ್ಲ. ಬೇರೆಯವರೆಲ್ಲ ಹೋಗಿರುವಾಗ ಇವನು ಮಾತ್ರ ಇಲ್ಲೇ ಯಾಕಿದ್ದಾನೆ ಅಂತ ಮೂಕರ್ಜಿ! ಬರೆದವರು ಯಾರೋ. ಎದುರಂಗಡಿಯವನಾ? ಉದ್ರಿ ಸಿಗದ ಗಿರಾಕಿನಾ? ಮಗನನ್ನು ಯುದ್ಧಕ್ಕೆ ಕಳಿಸಿದ ತಾಯಿನಾ? ನನಗೇನೋ ತಾಯಿ ಅಂತಲೇ ಅನಿಸುತ್ತೆ. ಹಾಗಿದ್ದರೆ ಆಕೆಯನ್ನು ಬೈಯೋಕೂ ಬಾಯಿ ಬರಲ್ಲ. ಮರುದಿನ ಬೆಳಗ್ಗೆ ಆಕೆ ಮಾಂಸ ತರೋಕೆ ಅದೇ ಅಂಗಡಿಗೆ ಹೋಗಿರಬಹುದು, ಅವನು ತೂಕ ಮಾಡಿ ಕೊಟ್ಟಿರಬಹುದು. ಟ್ರಿಬ್ಯುನಲ್ ಅಂದರೆ ಇದು. ಊರಿನವರ ಮೇಲೆ ಊರಿನವರದೇ ಪಂಚಾಯಿತಿ.

ಸಮಯ ಆಯ್ತು ಅಂತ ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ವಿನಾಯಿತಿ ಸಿಕ್ಕರೂ ಎಷ್ಟೋ ಜನಕ್ಕೆ ಕೆಲವು ತಿಂಗಳ ಮಟ್ಟಿಗೆ ಮಾತ್ರ. ಆಮೇಲೆ ಮತ್ತೆ ಅದೇ ಬಾಗಿಲು. ಕೆಲವರಿಗೆ ಊರಲ್ಲೇ ಇದ್ದು ದೇಶ ಕಾಯುವ ಸ್ವಯಂಸೇವಕ ದಳದಲ್ಲಿ ಕವಾಯತು ಮಾಡು ಅನ್ನುವ ಷರತ್ತು ಬೇರೆ.

ಯುದ್ಧ ಮುಗಿದ ಮೇಲೆ ಸರ್ಕಾರ ಈ ಕಡತಗಳನ್ನು ನಾಶ ಮಾಡಿ ಅಂದಿತು. ಮಾದರಿಗೆ ಅಂತ ಉಳಿಸಿದ ಕೆಲವೇ ಕೆಲವುಗಳಲ್ಲಿ ಮಿಡ್ಲ್‌ಸೆಕ್ಸ್‌ನವೂ ಸೇರಿವೆ. ಮಿಡ್ಲ್‌ಸೆಕ್ಸ್‌ನದೇ 11,307 ಪ್ರಕರಣ. ಅದರಲ್ಲಿ ಮನಸ್ಸಾಕ್ಷಿ ಒಪ್ಪಲ್ಲ ಅಂದವು ಎಷ್ಟು ಗೊತ್ತಾ? ಬರೀ 577! ಉಳಿದದ್ದರಲ್ಲಿ ಬಹುಪಾಲು ಕಸುಬು, ಸಂಸಾರ, ಆರೋಗ್ಯ. ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದ ಜಾಲತಾಣದಲ್ಲಿ ಇವೆಲ್ಲ ಇವೆ. ನೋಡುವವರು ದಯವಿಟ್ಟು ಆ 577 ಬಿಟ್ಟು ಮೊದಲು ಅಂಗಡಿಯವರದ್ದು ತೆಗೆಯಿರಿ. ನಮಸ್ಕಾರ.