ಪ್ರಜ್ಞಾನ್‌ಗೊಂದು ಕರೆಯುವ ಹೆಸರು

ಒಪ್ಪಿ. ಪರ್ಸಿ. ಜಿನ್ನಿ. ಕೇಳಿದರೆ ಪಕ್ಕದ ಬೀದಿಯ ಮಕ್ಕಳ ಹೆಸರು ಅನ್ನಿಸುತ್ತದೆ, ಅಲ್ವಾ? ಮೂವರೂ ಇರುವುದು ಮಂಗಳ ಗ್ರಹದಲ್ಲಿ. ಒಪ್ಪಿ ಅಂದರೆ 2004ರ ಜನವರಿಯಲ್ಲಿ ಅಲ್ಲಿ ಇಳಿದ ಆಪರ್ಚುನಿಟಿ, ಚಕ್ರದ ಮೇಲೆ ಓಡಾಡುವ ಯಂತ್ರ, ಅಂದರೆ ರೋವರ್. ಪರ್ಸಿ ಅಂದರೆ 2021ರ ಫೆಬ್ರವರಿಯಲ್ಲಿ ಇಳಿದ ಪರ್ಸಿವಿಯರೆನ್ಸ್. ಅದರ ಹೊಟ್ಟೆಗೆ ಅಂಟಿಕೊಂಡು ಹೋದ ಪುಟ್ಟ ಹೆಲಿಕಾಪ್ಟರ್ ಇಂಜೆನ್ಯುಯಿಟಿಯೇ ಜಿನ್ನಿ. ತೂಕ ಬರೀ 1.8 ಕೆ.ಜಿ. ಐದು ಸಲ ಹಾರಿದರೆ ಸಾಕು ಅಂತ ಕಳಿಸಿದ್ದರು. ಅದು 72 ಸಲ ಹಾರಿತು.

ನಮಸ್ಕಾರ, ಎಲ್ಲರೂ ಹೇಗಿದ್ದೀರಿ? ಇವತ್ತು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದ್ದೇನೆ, ಗೌರಿಬಿದನೂರಿನ ಕಡೆ. ನೀವು ನೋಡುತ್ತಿರುವ ಈ ಬಂಡೆಗುಡ್ಡ, ಮುಸುಕಿನ ಜೋಳದ ಹೊಲ, ಇದರ ನಡುವೆಯೇ 1976ರಿಂದ ಒಂದು ರೇಡಿಯೊ ಟೆಲಿಸ್ಕೋಪ್ ಇದೆ. ದೊಡ್ಡ ಗೋಪುರ, ಗುಮ್ಮಟ ಏನೂ ಇಲ್ಲ. ನೆಲದ ಮೇಲೆ ಸಾಲಾಗಿ ನಿಂತ ಆಂಟೆನಾಗಳು, ಅಷ್ಟೇ. ಆಕಾಶದ ಸದ್ದು ಕೇಳುವ ಊರು ಇದು. ಬಹಳ ದಿನದಿಂದ ಮನಸ್ಸಿನಲ್ಲಿದ್ದ ಒಂದು ಮಾತನ್ನು ಹೇಳಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಹೊಳೆಯಲಿಲ್ಲ. ಚಂದ್ರನ ಮೇಲೆ ಓಡಾಡಿದ ನಮ್ಮ ಪ್ರಜ್ಞಾನ್ ರೋವರ್‌ಗೆ ಕರೆಯುವ ಹೆಸರೇ ಇಲ್ಲ. ಒಂದು ಇಡಬೇಕು.

ಯಂತ್ರಕ್ಕೆ ಯಾಕೆ ಮುದ್ದು ಹೆಸರು ಅಂತ ಕೆಲವರು ಕೇಳುತ್ತಾರೆ. ಈ ಕಡೆ ಹಾಲು ಕರೆಯುವ ಯಾವ ಮನೆಗಾದರೂ ಹೋಗಿ ನೋಡಿ. ಹಸುವಿನ ಕಿವಿಯಲ್ಲಿ ಹಳದಿ ಓಲೆ, ಅದರಲ್ಲಿ 12 ಅಂಕಿಯ ನಂಬರ್. ಸರ್ಕಾರದ ಲೆಕ್ಕಕ್ಕೆ ಅದು ಬೇಕು. ಆದರೆ ಮೇವು ಹಾಕುವವರು, ಜ್ವರ ಬಂದರೆ ರಾತ್ರಿಯಿಡೀ ಪಕ್ಕದಲ್ಲಿ ಕೂರುವವರು ಆ ನಂಬರ್ ಹಿಡಿದು ಕರೆಯುವುದಿಲ್ಲ. ಗೌರಿ ಅನ್ನುತ್ತಾರೆ, ಕೆಂಪಿ ಅನ್ನುತ್ತಾರೆ. ನಾಸಾದ ಕಾಗದಗಳಲ್ಲಿ ಒಪ್ಪಿಯ ಅವಳಿ ಸ್ಪಿರಿಟ್ ರೋವರ್ ಎಂ.ಇ.ಆರ್.-ಎ, ಆಪರ್ಚುನಿಟಿ ಎಂ.ಇ.ಆರ್.-ಬಿ. ದಿನಾ ಅದರ ಜೊತೆ ಕೆಲಸ ಮಾಡುವವರ ಬಾಯಲ್ಲಿ ಆಪರ್ಚುನಿಟಿ ಒಪ್ಪಿ ಆಯಿತು. ನನ್ನ ಪ್ರಕಾರ ಕರೆಯುವ ಹೆಸರು ಹುಟ್ಟುವುದು ಹೀಗೆಯೇ. ಆರೈಕೆ ಮಾಡುವವರ ಬಾಯಲ್ಲಿ.

ಆರೈಕೆ ಅನ್ನುವ ಮಾತನ್ನು ಸುಮ್ನೆ ಹೇಳುತ್ತಿಲ್ಲ. ಈ ಎರಡು ರೋವರ್‌ಗಳಿಗೂ ಲೆಕ್ಕ ಹಾಕಿದ್ದು ಮಂಗಳದ 90 ದಿನ. ಒಪ್ಪಿ 14 ವರ್ಷ ಓಡಾಡಿತು, 45 ಕಿಲೋಮೀಟರಿಗೂ ಜಾಸ್ತಿ. ಅದರ ಭುಜದ ಕೀಲು ಹಿಡಿದುಕೊಂಡಾಗ ಎಂಜಿನಿಯರ್‌ಗಳು ಸಂಧಿವಾತ ಅಂದರು. ಮೆಮೊರಿ ಕೈಕೊಟ್ಟಾಗ ಮರೆವಿನ ಕಾಯಿಲೆ ಅಂದರು. ವಯಸ್ಸಾದ ಅಜ್ಜಿಯ ಬಗ್ಗೆ ಮನೆಯವರು ಮಾತಾಡುವ ಮಾತೇ ಅಲ್ವಾ ಇದು? ಹಾಗೆ ಮಾತಾಡುತ್ತಲೇ ಪ್ರತಿ ತೊಂದರೆಗೂ ಒಂದು ದಾರಿ ಹುಡುಕಿದರು.

ಸ್ಪಿರಿಟ್ ಕಥೆ ನನಗೆ ಇನ್ನೂ ಇಷ್ಟ. 2006ರಲ್ಲಿ ಅದರ ಮುಂದಿನ ಬಲಗಡೆ ಚಕ್ರ ನಿಂತೇಹೋಯಿತು. ಆಗ ಅದನ್ನು ಹಿಂದಕ್ಕೆ ಓಡಿಸತೊಡಗಿದರು. ಕೆಟ್ಟ ಚಕ್ರ ನೆಲವನ್ನು ಗೀರುತ್ತಾ ಹಿಂದೆ ಎಳೆದುಕೊಂಡು ಬರುತ್ತಿತ್ತು. 2007ರಲ್ಲಿ ಒಂದು ಕಡೆ ಹಾಗೆ ಗೀರಿದಾಗ ಕೆಂಪು ಮಣ್ಣಿನ ಕೆಳಗಿಂದ ಬೆಳ್ಳಗಿನ ಮಣ್ಣು ಎದ್ದಿತು. ಪರೀಕ್ಷೆ ಮಾಡಿದರೆ ಸುಮಾರು 90 ಪರ್ಸೆಂಟ್ ಸಿಲಿಕಾ. ಸಿಲಿಕಾ ಅಂದರೆ ಮರಳಿನಲ್ಲಿರುವ ವಸ್ತು. ಅದು ಇಷ್ಟೊಂದು ಒಂದೇ ಕಡೆ ಸೇರಿದೆ ಅಂದರೆ ಆ ಜಾಗದಲ್ಲಿ ಒಂದು ಕಾಲದಲ್ಲಿ ಬಿಸಿನೀರೋ ಬಿಸಿ ಹಬೆಯೋ ಇತ್ತು. ಚಕ್ರ ಕೆಡದೇ ಇದ್ದಿದ್ದರೆ ಆ ಬಿಳಿ ಮಣ್ಣು ಕಣ್ಣಿಗೇ ಬೀಳುತ್ತಿರಲಿಲ್ಲವೇನೋ. 2009ರಲ್ಲಿ ಸ್ಪಿರಿಟ್ ಮರಳಿನಲ್ಲಿ ಹೂತುಕೊಂಡಿತು. ಕ್ಯಾಲಿಫೋರ್ನಿಯಾದ ಲ್ಯಾಬ್‌ನಲ್ಲಿ ಅದೇ ಥರದ ಮಣ್ಣು ಗುಡ್ಡೆ ಹಾಕಿ, ಅದೇ ಥರದ ಇನ್ನೊಂದು ರೋವರ್ ಹೂತು, ಎತ್ತುವ ದಾರಿ ಹುಡುಕಿದರು. ಆಗಲಿಲ್ಲ. 2010ರ ಮಾರ್ಚ್ 22ರಂದು ಅದರಿಂದ ಕೊನೆಯ ಸಂದೇಶ ಬಂತು.

ಒಪ್ಪಿಯ ಕೊನೆಯ ಮಾತು ಅಂತ ಒಂದು ಸಾಲು ವಾಟ್ಸಾಪ್‌ನಲ್ಲಿ ನಿಮಗೂ ಬಂದಿರುತ್ತದೆ. 'ನನ್ನ ಬ್ಯಾಟರಿ ಕಡಿಮೆಯಾಗಿದೆ, ಕತ್ತಲಾಗುತ್ತಿದೆ' ಅಂತ. ರೋವರ್ ಅಂಥ ವಾಕ್ಯ ಕಳಿಸಿರಲಿಲ್ಲ. 2018ರ ಜೂನ್ 10ರಂದು ಅದು ಕಳಿಸಿದ್ದು ಅಂಕಿಗಳನ್ನು. ಆಗ ಇಡೀ ಮಂಗಳವನ್ನು ಧೂಳಿನ ಬಿರುಗಾಳಿ ಮುಚ್ಚುತ್ತಿತ್ತು. ಸೋಲಾರ್ ಪ್ಯಾನೆಲ್‌ನಿಂದ ಬರುತ್ತಿದ್ದ ಕರೆಂಟ್ 22 ವ್ಯಾಟ್ ಅವರ್‌ಗೆ ಇಳಿದಿತ್ತು. ಆ ಅಂಕಿಗಳ ಅರ್ಥವನ್ನು ವಿಜ್ಞಾನಿಗಳು ಹೇಳಿದಾಗ ಒಬ್ಬ ಪತ್ರಕರ್ತ ಅದನ್ನು ಹೀಗೆ ಬರೆದ. ಅದು ಪ್ರಪಂಚವೆಲ್ಲ ಸುತ್ತಿತು. ಈ ವಿಷಯ ಗೊತ್ತಾದ ಮೇಲೂ ಆ ಸಾಲು ನನ್ನ ಮಟ್ಟಿಗೆ ಸಣ್ಣದಾಗಲಿಲ್ಲ. ಸೌರ ವಿದ್ಯುತ್, ಧೂಳು, ಚಳಿ ಇವನ್ನೆಲ್ಲ ಎಂದೂ ಓದದವರು ಕೂಡ ಒಪ್ಪಿಗೆ ಏನಾಯಿತು ಅಂತ ಹುಡುಕಿ ಓದಿದರು. ಎಂಟು ತಿಂಗಳು ಕರೆದೂ ಕರೆದೂ ಉತ್ತರ ಬರದೆ, 2019ರ ಫೆಬ್ರವರಿ 13ರಂದು ನಾಸಾ ಇನ್ನು ಮುಗಿಯಿತು ಎಂದಿತು.

ಈಗ ನಮ್ಮವನ ವಿಷಯಕ್ಕೆ ಬರೋಣ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ಲ್ಯಾಂಡರ್ ವಿಕ್ರಮ್ ಚಂದ್ರನ ಮೇಲೆ ಇಳಿದಿದ್ದನ್ನು ಯಾರು ಮರೆಯುತ್ತಾರೆ? ಅದರ ಹೊಟ್ಟೆಯಿಂದ 26 ಕೆ.ಜಿ.ಯ ಪ್ರಜ್ಞಾನ್ ಆರು ಚಕ್ರದ ಮೇಲೆ ಇಳಿದು ಬಂತು. ನಾಲ್ಕು ಮೀಟರ್ ಅಗಲದ ಒಂದು ಗುಂಡಿ ಎದುರಾದಾಗ ಹಿಂದಕ್ಕೆ ತಿರುಗಿಸಿದರು. ಚಂದ್ರನ ಮಣ್ಣಿನಲ್ಲಿ ಗಂಧಕ ಇದೆ ಅಂತ ಕಂಡುಹಿಡಿಯಿತು. ವಿಕ್ರಮ್‌ನ ಫೋಟೊ ತೆಗೆದಾಗ ಇಸ್ರೊ ಅದಕ್ಕೆ ಸ್ಮೈಲ್ ಪ್ಲೀಸ್ ಅಂತ ಬರೆಯಿತು. ಒಂದು ದಿನ ಸರಿಯಾದ ದಾರಿ ಹುಡುಕುತ್ತಾ ಪ್ರಜ್ಞಾನ್ ನಿಂತಲ್ಲೇ ಗಿರ್ರನೆ ತಿರುಗುವ ವಿಡಿಯೊ ಬಂತು. ಅದರ ಜೊತೆ ಇಸ್ರೊ ಬರೆದಿದ್ದೇನು ಗೊತ್ತಾ? ಚಂದಮಾಮನ ಅಂಗಳದಲ್ಲಿ ಮಗು ಆಡುತ್ತಿದೆ, ತಾಯಿ ಪ್ರೀತಿಯಿಂದ ನೋಡುತ್ತಿದ್ದಾಳೆ ಅನ್ನಿಸುತ್ತಿದೆ, ಅಲ್ವಾ ಅಂತ. ವಿಕ್ರಮ್ ಸಾರಾಭಾಯ್ ಹೆಸರಿನ ಲ್ಯಾಂಡರ್ ಅವತ್ತು ತಾಯಿಯಾಯಿತು! ಎಂಜಿನಿಯರ್‌ಗಳ ಸಂಸ್ಥೆಯೊಂದು ಎಲ್ಲರೆದುರು ಹೀಗೆ ಬರೆದದ್ದು ನೋಡಿ ನನ್ನ ಗಂಟಲು ಕಟ್ಟಿತು. ಸೆಪ್ಟೆಂಬರ್‌ನಲ್ಲಿ ಚಂದ್ರನ ರಾತ್ರಿ ಬಂತು. ಇಬ್ಬರನ್ನೂ ಮಲಗಿಸಿದರು. ಆ ಕೊರೆಯುವ ಚಳಿ ತಡೆಯುವ ಹೀಟರ್ ಅವುಗಳಲ್ಲಿ ಇರಲಿಲ್ಲ. ಸೆಪ್ಟೆಂಬರ್ 22ರಂದು ಮತ್ತೆ ಎಬ್ಬಿಸಲು ನೋಡಿದರು, ಏಳಲಿಲ್ಲ.

ಮಗು ಅಂದರು, ಮಲಗಿಸಿದರು, ಎಬ್ಬಿಸಲು ನೋಡಿದರು. ಕರೆಯುವ ಹೆಸರೊಂದನ್ನು ಮಾತ್ರ ಇಡಲಿಲ್ಲ. ಹೆಸರು ಚೆನ್ನಾಗಿ ಇಡುವುದು ನಮ್ಮ ವಿಜ್ಞಾನಿಗಳಿಗೆ ಬರುವುದಿಲ್ಲ ಅಂತಲ್ಲ. ಇದೇ ಜಿಲ್ಲೆಯ ದಂಡಿಗಾನಹಳ್ಳಿ ಕೆರೆಯಲ್ಲಿ 2020ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯವರು ಒಂದು ಆಂಟೆನಾವನ್ನು ನೀರಿನ ಮೇಲೆ ತೇಲಿಬಿಟ್ಟಿದ್ದರು, ಮೊದಮೊದಲ ನಕ್ಷತ್ರಗಳ ಕಾಲದ ರೇಡಿಯೊ ಗುರುತು ಹುಡುಕಲು. ಅದರ ಹೆಸರು ಸಾರಸ್. ಕೆರೆಯಲ್ಲಿ ಸಾರಸ! ಇದಕ್ಕಿಂತ ಚಂದ ಇನ್ನೇನು ಬೇಕು?

ಈಗ ಸ್ಕ್ರೀನ್ ಮೇಲೆ ಕಾಣುತ್ತಿರುವವರು ಇಲ್ಲಿನ ಒಂದು ಹಳ್ಳಿಯ ಮಕ್ಕಳು. ಶಾಲೆ ಬಿಟ್ಟ ಮೇಲೆ ಅರಳಿಕಟ್ಟೆಯ ಮೇಲೆ ಸೇರಿದ್ದರು. ಪ್ರಜ್ಞಾನ್‌ಗೆ ಏನಂತ ಕರೆಯೋಣ ಅಂತ ಕೇಳಿದೆ. ಕೇಳಿ ಮುಗಿಸುವ ಮೊದಲೇ ಒಬ್ಬ ಹುಡುಗ 'ಪ್ರಜ್ಜು' ಅಂದ. ಅವನ ಕ್ಲಾಸಿನ ಪ್ರಜ್ವಲ್‌ಗೆ ಎಲ್ಲರೂ ಹಾಗೇ ಅನ್ನುತ್ತಾರಂತೆ. ಹಾಗಾದರೆ ವಿಕ್ರಮ್ ವಿಕ್ಕಿ ಅಂತ ಇನ್ನೊಬ್ಬ. ಮನೆಯಲ್ಲಿ ತೆಲುಗು ಮಾತಾಡುವ ಒಬ್ಬ ಹುಡುಗಿ ಮಾತ್ರ ಒಪ್ಪಲಿಲ್ಲ. ಮಗು ಅಂದಮೇಲೆ 'ಬುಜ್ಜಿ'ನೇ ಆಗಬೇಕು ಅಂತ ಹಟ. ನನಗೆ ಪ್ರಜ್ಜು ಇಷ್ಟವಾಯಿತು. ಇನ್ನು ಮೇಲೆ ನಾನು ಹಾಗೇ ಕರೆಯುತ್ತೇನೆ.

ಅಮೆರಿಕದಲ್ಲಿ ರೋವರ್‌ಗೆ ಹೆಸರಿಡುವ ಕೆಲಸವನ್ನು ಪ್ರಬಂಧ ಸ್ಪರ್ಧೆ ಇಟ್ಟು ಮಕ್ಕಳ ಕೈಗೇ ಕೊಟ್ಟಿದ್ದಾರೆ. 1997ರಲ್ಲಿ ಮಂಗಳಕ್ಕೆ ಇಳಿದ ಸೋಜರ್ನರ್‌ಗೆ ಹೆಸರು ಕೊಟ್ಟವಳು 12 ವರ್ಷದ ವ್ಯಾಲೆರಿ ಆಂಬ್ರೋಸ್. ಸ್ಪಿರಿಟ್, ಆಪರ್ಚುನಿಟಿ ಅನ್ನುವ ಹೆಸರು ಬರೆದವಳು 9 ವರ್ಷದ ಸೋಫಿ ಕಾಲಿಸ್. ಸೈಬೀರಿಯಾದ ಅನಾಥಾಲಯದಲ್ಲಿದ್ದು, ಆಮೇಲೆ ಅಮೆರಿಕದ ಒಂದು ಮನೆಗೆ ದತ್ತು ಹೋದವಳು. ಕತ್ತಲೆಯ ಆ ಜಾಗದಲ್ಲಿ ಆಕಾಶ ನೋಡುತ್ತಾ ಸಮಾಧಾನ ಮಾಡಿಕೊಳ್ಳುತ್ತಿದ್ದೆ ಅಂತ ಅವಳು ಬರೆದಿದ್ದಳು. ಪರ್ಸಿವಿಯರೆನ್ಸ್‌ಗೆ ಬಂದ ಪ್ರಬಂಧಗಳೇ ಸುಮಾರು 28,000.

ಚಂದ್ರಯಾನ-5 ಜಪಾನ್ ಜೊತೆ ಸೇರಿ ಹೋಗಲಿದೆ, ಅದರ ರೋವರ್ 250 ಕೆ.ಜಿ. ಇರುತ್ತದೆ ಅಂತ 2025ರ ಮಾರ್ಚ್‌ನಲ್ಲಿ ಇಸ್ರೊ ಅಧ್ಯಕ್ಷರು ಹೇಳಿದ್ದಾರೆ. ಪ್ರಜ್ಜುವಿನ ಸುಮಾರು ಹತ್ತರಷ್ಟು ತೂಕ. ಅದರ ಹೆಸರಿಗೆ ಗುಡಿಬಂಡೆಯ, ಶಿಡ್ಲಘಟ್ಟದ, ಬಾಗೇಪಲ್ಲಿಯ ಶಾಲೆಗಳಿಂದಲೂ ಕಾಗದ ಹೋಗಬೇಕು. ಜಪಾನಿನ ಮಕ್ಕಳೂ ಬರೆಯಲಿ. ಅರಳಿಕಟ್ಟೆಯ ಮಕ್ಕಳಿಗೆ ಈ ವಿಷಯ ಹೇಳಿದೆ. ಹುಡುಗರೆಲ್ಲ ಒಟ್ಟಿಗೆ 'ಭೀಮ' ಅಂದರು. ಬುಜ್ಜಿ ಅಂದಿದ್ದ ಹುಡುಗಿ ಎದ್ದು ನಿಂತು, ಮೊದಲು ಬುಜ್ಜಿ ಹೋಯಿತು, ಈಗ ಅದರ ಅಕ್ಕ ಹೋಗುತ್ತಿದ್ದಾಳೆ, ಭೀಮ ಎಲ್ಲಿಂದ ಬಂದ ಅಂತ ಜೋರು ಮಾಡಿದಳು. ನಾನು ಕ್ಯಾಮೆರಾ ಆಫ್ ಮಾಡಿದಾಗಲೂ ಜಗಳ ನಡೆದೇ ಇತ್ತು.