ಬೀಗ ಹಾಕಿದ ಫೋನು, ಒಳಗೆ ಮನೆಯ ನಂಬರು

ಕೋಲಾರ ಜಿಲ್ಲೆಯ ಕೇಳುಗರಿಗೆ ನಮಸ್ಕಾರ. ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿರುವ ವೈದ್ಯೆಯಾದ ನಾನು ಇಂದು ಹೇಳಬೇಕೆಂದಿರುವುದು ಒಂದೇ ಮಾತು: ನಿಮ್ಮ ಮನೆಯವರ ನಂಬರು ನಿಮ್ಮ ಫೋನಿನಲ್ಲಿದ್ದರೆ ಸಾಲದು, ಬೀಗ ತೆಗೆಯದೆಯೇ ಕಾಣುವಂತಿರಬೇಕು.

ಟೊಮೆಟೊ ಮಂಡಿಗೆ ರಾತ್ರಿಯಿಡೀ ಟೆಂಪೊಗಳು ಸಾಲುಗಟ್ಟುವ ಜುಲೈ ತಿಂಗಳಲ್ಲೊಮ್ಮೆ, ಮುಳಬಾಗಿಲು ಕಡೆಯ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದಿದ್ದ ಐವತ್ತರ ಆಸುಪಾಸಿನ ರೈತರೊಬ್ಬರನ್ನು 108ರ ಸಿಬ್ಬಂದಿ ನಮ್ಮಲ್ಲಿಗೆ ಕರೆತಂದರು. ಪ್ರಜ್ಞೆ ಇರಲಿಲ್ಲ. ಜೇಬಿನಲ್ಲಿದ್ದದ್ದು ಮಂಡಿಯ ಎರಡು ಚೀಟಿ, ಒಂದು ಕಟ್ಟು ಬೀಡಿ, ಸಾಕಷ್ಟು ಬೆಲೆಬಾಳುವ ಒಂದು ಫೋನು. ಆ ಫೋನಿಗೆ ಬೀಗ. ನಮ್ಮ ಸಿಸ್ಟರ್ ಅವರ ಹೆಬ್ಬೆರಳನ್ನು ಒರೆಸಿ ಫೋನಿನ ಮೇಲಿಟ್ಟರು, ಫೋನು ಒಪ್ಪಲಿಲ್ಲ. ಟೊಮೆಟೊ ಬಿಡಿಸಿದವರ ಕೈ ನಿಮಗೆ ಗೊತ್ತೇ ಇದೆ; ಗಿಡದ ಹಸಿರುಗಪ್ಪು ಅಂಟು ಬೆರಳಿನ ಗೆರೆಗೆರೆಯಲ್ಲೂ ಕೂತಿತ್ತು, ಸ್ಪಿರಿಟ್ ಹಚ್ಚಿ ತಿಕ್ಕಿದರೂ ಬಿಡಲಿಲ್ಲ. ಸ್ಕ್ಯಾನ್‌ನಲ್ಲಿ ತಲೆಯೊಳಗೆ ರಕ್ತ ಸೋರಿರುವುದು ಕಂಡಿತು. ಇವರು ಯಾವ ಮಾತ್ರೆ ನುಂಗುತ್ತಾರೆ, ಯಾವುದು ಇವರಿಗೆ ಒಗ್ಗುವುದಿಲ್ಲ ಎಂದು ಕೇಳೋಣವೆಂದರೆ ಯಾರನ್ನು ಕೇಳುವುದು? ನಾಲ್ಕೂವರೆಗೆ ಆ ಫೋನೇ ರಿಂಗಾಯಿತು. ಪರದೆಯ ಮೇಲೆ ‘ಡಾನ್’ ಎಂಬ ಹೆಸರು. ಸಿಸ್ಟರ್ ಎತ್ತಲು ಹಿಂಜರಿದರು, ನಾನೇ ಎತ್ತಿದೆ. ಅವನು ಅವರ ಕಿರಿಯ ಮಗ. ಟೆಂಪೊ ಮಂಡಿ ಸೇರಿದರೂ ಅಪ್ಪ ಇನ್ನೂ ಬಂದಿಲ್ಲವೆಂದು ಗಾಬರಿಯಾಗಿ ಮಾಡಿದ್ದ ಕರೆ. ಎರಡು ವರ್ಷದ ಹಿಂದೆ ಅಪ್ಪನ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದಾರೆ ಎಂದು ಅವನು ಒಂದೇ ಉಸಿರಿನಲ್ಲಿ ಹೇಳಿದ. ತಲೆಯೊಳಗೆ ರಕ್ತ ಸೋರುತ್ತಿರುವವರ ವಿಷಯದಲ್ಲಿ ವೈದ್ಯರು ಮೊದಲ ಐದು ನಿಮಿಷದಲ್ಲಿ ತಿಳಿಯಬೇಕಾದ ಸಂಗತಿ ಅದು. ನಮಗೆ ತಿಳಿದದ್ದು ಅವರು ಬಂದು ಎರಡೂವರೆ ಗಂಟೆ ಕಳೆದ ಮೇಲೆ. ಅವರು ಉಳಿದುಕೊಂಡರು. ಮನೆಗೆ ಹೊರಡುವ ದಿನ ಅವರ ಫೋನು ತೆಗೆಸಿ ನೋಡಿದರೆ, ಹೆಂಡತಿಯ ನಂಬರು ಇದ್ದದ್ದು ‘ಬಂಗಾರು’ ಎಂಬ ಹೆಸರಿನಲ್ಲಿ. ಬೀಗ ತೆರೆದಿದ್ದರೂ ಅದನ್ನು ಒಡವೆ ಅಂಗಡಿಯ ನಂಬರೆಂದು ನಾವು ಬಿಟ್ಟುಬಿಡುತ್ತಿದ್ದೆವು.

2005ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ಆಂಬುಲೆನ್ಸ್ ಸಿಬ್ಬಂದಿ ಬಾಬ್ ಬ್ರಾಚಿ ಎಂಬುವರು, ಹತ್ತಿರದವರ ನಂಬರನ್ನು ‘ಐಸ್’ ಎಂದು ಬರೆದಿಡಿ ಎಂದು ಹೇಳಿಕೊಟ್ಟರು. ‘ಇನ್ ಕೇಸ್ ಆಫ್ ಎಮರ್ಜೆನ್ಸಿ’ ಎಂಬುದರ ಮೊದಲಕ್ಷರಗಳು. ಆಗಿನ ಬಟನ್ ಫೋನಿಗೆ ಅದು ಸಾಕಾಗಿತ್ತು, ಈಗಲೂ ಬಟನ್ ಫೋನು ಇಟ್ಟುಕೊಂಡಿರುವ ಅಜ್ಜ ಅಜ್ಜಿಯರಿಗೆ ಹಾಗೆಯೇ ಮಾಡಿಕೊಡಿ. ಸ್ಮಾರ್ಟ್‌ಫೋನಿಗೆ ಅದು ನಡೆಯದು, ಏಕೆಂದರೆ ಹೆಸರು ಏನೇ ಇರಲಿ, ಅದು ಬೀಗದ ಒಳಗಿರುತ್ತದೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಸೇಫ್ಟಿ ಆಂಡ್ ಎಮರ್ಜೆನ್ಸಿ’ ಎಂಬಲ್ಲಿಗೆ ಹೋಗಿ, ‘ಎಮರ್ಜೆನ್ಸಿ ಕಾಂಟ್ಯಾಕ್ಟ್ಸ್’ ಒತ್ತಿ ಇಬ್ಬರ ನಂಬರು ಸೇರಿಸಿ, ಬೀಗವಿದ್ದಾಗಲೂ ತೋರಿಸು ಎಂಬ ಗುಂಡಿಯನ್ನು ಆನ್ ಮಾಡಿ. ಐಫೋನಿನವರು ‘ಹೆಲ್ತ್’ ಆ್ಯಪ್‌ನಲ್ಲಿ ‘ಮೆಡಿಕಲ್ ಐಡಿ’ ತುಂಬಿಸಿ. ಅಷ್ಟೇ ಕೆಲಸ. ಮುಗಿದ ಮೇಲೆ ಫೋನಿಗೆ ಬೀಗ ಹಾಕಿ ಪಕ್ಕದವರ ಕೈಗೆ ಕೊಡಿ. ಕೆಳಗಿನ ‘ಎಮರ್ಜೆನ್ಸಿ’ ಒತ್ತಿದಾಗ ಅವರಿಗೆ ನಿಮ್ಮ ಮನೆಯ ನಂಬರು ಸಿಕ್ಕಬೇಕು.

ಕಂಡಕಂಡವರಿಗೆಲ್ಲ ನಂಬರು ಕಾಣುತ್ತದಲ್ಲ ಮೇಡಂ ಎನ್ನುವವರಿದ್ದಾರೆ. ಲಗ್ನಪತ್ರಿಕೆಯ ಕೆಳಗೆ, ಅಂಗಡಿಯ ಬೋರ್ಡಿನಲ್ಲಿ, ಟೆಂಪೊದ ಹಿಂಬದಿಯಲ್ಲಿ ದಪ್ಪಕ್ಷರದಲ್ಲಿ ಬರೆಸುವ ನಂಬರನ್ನು ಆಸ್ಪತ್ರೆಯವರಿಂದ ಮಾತ್ರ ಏಕೆ ಮುಚ್ಚಿಡಬೇಕೆಂದು ನನಗೆ ಈವರೆಗೂ ಅರ್ಥವಾಗಿಲ್ಲ.

ಸಮಯವಾಯಿತೆಂದು ಗಾಜಿನಾಚೆಯಿಂದ ಸನ್ನೆ ಬರುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ರಕ್ತದ ಗುಂಪು ಬರೆಯದಿದ್ದರೂ ನಡೆಯುತ್ತದೆ, ನಾವು ಪರೀಕ್ಷಿಸದೆ ರಕ್ತ ಕೊಡುವುದಿಲ್ಲ. ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ಒಗ್ಗದ ಔಷಧ, ಇವನ್ನು ತಪ್ಪದೆ ಬರೆಯಿರಿ. 112ಕ್ಕೆ ಬೀಗವಿದ್ದ ಫೋನಿನಿಂದಲೂ ಕರೆ ಹೋಗುತ್ತದೆ, ಆದರೆ 112ರವರಿಗೆ ನಿಮ್ಮ ಮಗನ ನಂಬರು ಗೊತ್ತಿರುವುದಿಲ್ಲ. ಸೆಟ್ಟಿಂಗ್ಸ್ ತಲೆಗೆ ಹತ್ತದಿದ್ದರೆ ಒಂದು ಚೀಟಿಯಲ್ಲಿ ಹೆಸರು, ನಂಬರು, ಮಾತ್ರೆಯ ಹೆಸರು ಬರೆದು ಫೋನಿನ ಪಾರದರ್ಶಕ ಕವರಿನೊಳಗೆ, ಅಕ್ಷರ ಹೊರಗೆ ಕಾಣುವಂತೆ ಸೇರಿಸಿಡಿ. ಆ ರೈತರು ಈಗ ಮಾಡಿಕೊಂಡಿರುವುದೂ ಅದನ್ನೇ. ಹೋದ ಸಲ ತಪಾಸಣೆಗೆ ಬಂದಾಗ ಫೋನು ತಿರುಗಿಸಿ ತೋರಿಸಿದರು. ಚೀಟಿಯಲ್ಲಿ ಹೆಂಡತಿಯ ನಿಜವಾದ ಹೆಸರಿತ್ತು. ನಮಸ್ಕಾರ.